ಧರೆ ಬದಿಯ ತಿರುವು: ಹುಲ್ಲಿನ ಟ್ರ್ಯಾಕ್‌ನ ಮೂರನೆಯ ಮಳೆಗಾಲ

ಪುಷ್ಯ ಮಳೆ ಈ ಸಲ ಒಂದು ದಿನವೂ ಹೊಳವಾಗದೆ ಸುರಿಯಿತು. ಅದರ ಕೊನೆಯ ಸಂಜೆ ನಮ್ಮ ಬ್ಯಾಣದ (ಹುಲ್ಲುಗಾವಲಿನ) ಹುಲ್ಲಿನ ಟ್ರ್ಯಾಕ್‌ನಲ್ಲಿ ಇಪ್ಪತ್ತೈದು ಸುತ್ತು, ಅಂದರೆ 5 ಕಿಲೋಮೀಟರ್, ಓಡಿದೆ. ಧರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ, ಅದರ ಬದಿಯ ತಿರುವಿನಲ್ಲಿ ಒಂದು ಸುತ್ತಿನಲ್ಲಿಯೂ ವೇಗ ತಗ್ಗಿಸಬೇಕಾಗಲಿಲ್ಲ. ಹಿಂದಿನ ಎರಡು ಮಳೆಗಾಲಗಳಲ್ಲಿ ಹದಿನೆಂಟು ಮೀಟರ್ ಉದ್ದದ ಆ ಜಾಗ ನನ್ನನ್ನು ಬಹಳ ಕಾಡಿದೆ. ಈ ವರದಿಯ ಬಹುಪಾಲು ಅದರದ್ದೇ ಕಥೆ.

ಉಳಿದ ಕೆಲಸವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಹಿಂದೆ 400 ಮೀಟರಿಗೆ ಸಾಲುವಷ್ಟು ಸಮತಟ್ಟು ಇಲ್ಲವಾದ್ದರಿಂದ 200 ಮೀಟರಿನ ಸುತ್ತು ಮಾಡಿದ್ದೇನೆ: ತಲಾ 40 ಮೀಟರಿನ ಎರಡು ನೇರ ಭಾಗಗಳು, ಎರಡು ಅರ್ಧವೃತ್ತಗಳು. ಎತ್ತರಿಸಿದ ಅಂಚಿಲ್ಲದ ಟ್ರ್ಯಾಕ್‌ನಲ್ಲಿ ದೂರವನ್ನು ಒಳಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಅಳೆಯಬೇಕೆಂಬುದು ನಿಯಮ. ಹಾಗಾಗಿ ತಿರುವಿನ ಗೂಟಗಳನ್ನು 18.90 ಮೀಟರ್ ತ್ರಿಜ್ಯದಲ್ಲಿ ಹೊಡೆದೆ. ಹುಲ್ಲು ಗರಿಕೆ, ಕತ್ತರಿಸುವ ಎತ್ತರ ಎರಡು ಅಂಗುಲ. ಮುಟ್ಟಿದರೆ ಮುನಿಯನ್ನು ಮಾತ್ರ ಪ್ರತಿ ವರ್ಷವೂ ಬೇರು ಸಮೇತ ಕೀಳಲೇಬೇಕು. ಕಾಡಿನ ದಾರಿಯಲ್ಲೇ ಓಡಬಹುದಲ್ಲ ಎಂದು ಕೇಳುವವರಿದ್ದಾರೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ, ಚಳಿಗಾಲದಿಂದ ಮುಂಗಾರು ಹಿಡಿಯುವವರೆಗೆ ಅವುಗಳ ಕಾಲ. ಆ ತಿಂಗಳುಗಳಲ್ಲಿ ತರಗೆಲೆ ತುಳಿದು ಓಡುವ ಧೈರ್ಯವನ್ನು ನಾನು ಯಾರಿಗೂ ಹೇಳಿಕೊಡಲಾರೆ.

ಈಗ ತಿರುವಿನ ವಿಷಯ. ಮೆತ್ತನೆಯ ನೆಲ ಕಾಲಿಗೆ ಒಳ್ಳೆಯದೆಂದು ನಾವೆಲ್ಲ ಹೇಳುತ್ತೇವೆ, ಆದರೆ ನೆಲ ಮೆತ್ತಗಾದಷ್ಟೂ ಓಟಗಾರನ ಕಾಲು ತನ್ನನ್ನು ಬಿಗಿ ಮಾಡಿಕೊಂಡು ಅದನ್ನು ಸರಿದೂಗಿಸುತ್ತದೆ. ಡೇನಿಯಲ್ ಫೆರಿಸ್ ಮತ್ತು ಕ್ಲೇರ್ ಫಾರ್ಲಿ ಅವರ ತಂಡಗಳು 1998 ಮತ್ತು 1999ರಲ್ಲಿ ಇದನ್ನು ತೋರಿಸಿಕೊಟ್ಟವು. ಹೊಸ ನೆಲದ ಮೇಲಿನ ಮೊದಲ ಹೆಜ್ಜೆಯಲ್ಲೇ ಆ ಹೊಂದಾಣಿಕೆ ಆಗಿಬಿಟ್ಟಿರುತ್ತದೆ. ಅವರ ಓಟಗಾರರಿಗೆ ಮುಂದಿನ ನೆಲ ಎಂಥದೆಂದು ಮೊದಲೇ ಗೊತ್ತಿತ್ತು. ನನ್ನ ತಿರುವಿನಲ್ಲಿ ಹುಲ್ಲು ಎಲ್ಲ ಕಡೆಯೂ ಒಂದೇ ಹಸಿರು. ಒಂದು ಹೆಜ್ಜೆ ನಿಲ್ಲುತ್ತಿತ್ತು, ಮುಂದಿನದು ಹಿಮ್ಮಡಿಯವರೆಗೆ ಇಳಿಯುತ್ತಿತ್ತು. ಮೊದಲ ವರ್ಷ ಎಡ ಹರಡು ಹೊರಳಿದ್ದೂ, ಮೀನಖಂಡ ವಾರಗಟ್ಟಲೆ ಹಿಡಿದುಕೊಂಡದ್ದೂ ಅಲ್ಲಿಯೇ. ಇಡೀ ಸುತ್ತು ಗದ್ದೆಯಂತೆ ಮೆತ್ತಗಿದ್ದರೂ ನನ್ನ ಅಭ್ಯಂತರವಿಲ್ಲ, ಕೆಸರುಗದ್ದೆ ಓಟದಲ್ಲಿ ಖುಷಿಯಿಂದ ಓಡಿದವನು ನಾನು. ಸುತ್ತೆಲ್ಲ ಒಂದೇ ಹದವಾಗಿರಬೇಕು, ಅಷ್ಟೇ.

ಅಳೆಯಲು ತುದಿ ಚಪ್ಪಟೆಯಾದ ಕಬ್ಬಿಣದ ಸರಳೊಂದನ್ನು ಇಟ್ಟುಕೊಂಡಿದ್ದೇನೆ. ಅದನ್ನು ಸೊಂಟದ ಎತ್ತರದಿಂದ ನೇರವಾಗಿ ಬಿಟ್ಟು, ನೆಲಕ್ಕೆ ಎಷ್ಟು ಇಳಿಯಿತೆಂದು ಬರೆದಿಡುತ್ತೇನೆ. ಮೊದಲ ಆಶ್ಲೇಷಾ ಮಳೆಯಲ್ಲಿ ನೇರ ಭಾಗದಲ್ಲಿ 2 ಸೆಂಟಿಮೀಟರ್, ತಿರುವಿನಲ್ಲಿ 9.

ಎರಡನೆಯ ವರ್ಷ ಮರಳು ಹರಡಿದ್ದು ನನ್ನ ತಪ್ಪು ನಿರ್ಧಾರ. ಕೊಟ್ಟವನು ಹೊಳೆ ಮರಳೆಂದೇ ಹಣ ಪಡೆದಿದ್ದ. ಹರಡಿದ ಮೇಲೆ ಅನುಮಾನ ಬಂದು ಗಾಜಿನ ಭರಣಿಯಲ್ಲಿ ಒಂದು ಹಿಡಿ ಹಾಕಿ, ನೀರು ತುಂಬಿ, ಕುಲುಕಿ ಕಿಟಕಿಯ ಮೇಲಿಟ್ಟೆ. ದಪ್ಪ ಕಾಳು ಒಂದೇ ನಿಮಿಷದಲ್ಲಿ ತಳ ಸೇರಿತು, ಆದರೆ ಮೇಲಿನ ನೀರು ಮರುದಿನ ಬೆಳಿಗ್ಗೆಯೂ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೇ ಇತ್ತು. ಅರ್ಧಕ್ಕರ್ಧ ಕ್ರಷರ್ ಪುಡಿ, ಅಂದರೆ ಕಲ್ಲು ಪುಡಿಮಾಡುವ ಯಂತ್ರದ ದೂಳು. ಅದು ಕೆಳಗಿನ ಜೇಡಿಯೊಂದಿಗೆ ಬೆರೆತು ಮಳೆಗಾಲದಲ್ಲಿ ಗಂಜಿಯಾಯಿತು, ಫೆಬ್ರವರಿಯಲ್ಲಿ ಇಟ್ಟಿಗೆಯಾಯಿತು. ಮಾರುವಾಗ ನಿಜ ಹೇಳಿದ್ದರೆ ಒಂದು ಇಡೀ ವರ್ಷ ಉಳಿಯುತ್ತಿತ್ತು. ಶುದ್ಧ ಮರಳೇ ಸಿಕ್ಕಿದ್ದರೂ ತಿರುವು ಸರಿಯಾಗುತ್ತಿರಲಿಲ್ಲ ಎಂಬುದು ತಿಳಿದದ್ದು ಆಮೇಲೆ.

ಏಪ್ರಿಲ್‌ನಲ್ಲಿ ಬ್ಯಾಣವೆಲ್ಲ ಒಣಗಿ ಬಿಳಿಚಿಕೊಂಡಾಗ ಆ ತಿರುವಿನ ಗರಿಕೆ ಮಾತ್ರ ಹಸಿರಾಗಿಯೇ ನಿಂತಿತು. ನಾನು ಅದನ್ನು ಸಂತೋಷದಿಂದ ತೋರಿಸಿದಾಗ ಮೇಲಿನ ಮನೆಯ ಹಿರಿಯರು ಕೂತು, ಹುಲ್ಲಿನ ಬುಡಕ್ಕೆ ಬೆರಳು ಹಾಕಿ ನೋಡಿದರು. "ಬೇಸಿಗೆಯಲ್ಲೂ ಹಸಿರು ಅಂದ್ರೆ ಅಡಿಯಲ್ಲಿ ಜಲ ಉಂಟು ಮಾರಾಯ. ನೀನು ಮೇಲಿಂದ ಎಷ್ಟು ಮಣ್ಣು ಹೊತ್ತು ಹಾಕಿದ್ರೂ ಅದು ಕುಡೀತದೆ. ಧರೆ ಬುಡದಲ್ಲಿ ಒಂದು ಕಪ್ಪು ಹೊಡಿ, ತೋಟಕ್ಕೆ ಹೊಡೆದ ಹಾಗೇ" ಎಂದರು. ಕಪ್ಪು ಎಂದರೆ ತೋಟದ ನೀರು ಬಸಿಯಲು ತೆಗೆಯುವ ಕಾಲುವೆ.

ಎರಡು ವರ್ಷ ನಾನು ಆಕಾಶದ ನೀರಿನೊಂದಿಗೆ ಸೆಣಸುತ್ತಿದ್ದೆ, ನೀರು ಬರುತ್ತಿದ್ದದ್ದು ಮಗ್ಗುಲಿನಿಂದ. ಧರೆಯ ಬುಡದಲ್ಲಿ, ಟ್ರ್ಯಾಕ್‌ನ ಹೊರ ಅಂಚಿಗೆ ಎರಡು ಅಡಿ ಬಿಟ್ಟು ಅಗೆಯುತ್ತ ಹೋದಾಗ ಎರಡೂವರೆ ಅಡಿಯವರೆಗೆ ತೂತುತೂತಾದ ಜಂಬಿಟ್ಟಿಗೆ, ಅದರಡಿಯಲ್ಲಿ ನುಣ್ಣನೆಯ ಶೇಡಿ ಮಣ್ಣು ಸಿಕ್ಕಿತು. ಅವೆರಡೂ ಕೂಡುವ ಗೆರೆಯಲ್ಲಿ, ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲಿಯೂ, ಸಣ್ಣ ಸಣ್ಣ ಹನಿಗಳು ಸಾಲಾಗಿ ಮೂಡಿ ಗುದ್ದಲಿಯ ಗುರುತಿನ ಮೇಲೆ ಇಳಿಯುತ್ತಿದ್ದವು. ಗುಡ್ಡದ ನೀರು ಜಂಬಿಟ್ಟಿಗೆಯಲ್ಲಿ ಸರಾಗವಾಗಿ ಇಳಿದು, ಶೇಡಿ ದಾಟಲಾರದೆ ಅಡ್ಡಕ್ಕೆ ಹರಿದು, ನನ್ನ ತಿರುವಿನ ಅಡಿಯಲ್ಲಿ ಬಂದು ನಿಲ್ಲುತ್ತಿತ್ತು. ಆ ಹನಿಗಳನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ.

ಇಪ್ಪತ್ತೆರಡು ಮೀಟರ್ ಉದ್ದದ ಬಸಿಗಾಲುವೆ, ನೂರಕ್ಕೆ ಒಂದರ ಇಳಿಜಾರು, ತಳದಲ್ಲಿ ತೂತಿನ ಪಿವಿಸಿ ಪೈಪು, ಸುತ್ತ ಮುಕ್ಕಾಲಿಂಚಿನ ಜಲ್ಲಿ: ಇಷ್ಟು ಒಂದು ವಾರದ ಕೆಲಸ. ಜಲ್ಲಿಗೆ ಸುತ್ತುವ ಬಟ್ಟೆಗೆ ಮೂರು ವಾರ ಹಿಡಿಯಿತು. ಕಂಬಳಿಯಂತೆ ಒತ್ತಿ ಮಾಡಿದ, ನೇಯದ ಬಟ್ಟೆ ಬೇಕೆಂದು ಫೋನಿನಲ್ಲಿ ಎರಡು ಸಲ ಬಿಡಿಸಿ ಹೇಳಿದ್ದರೂ ಬಂದದ್ದು ಕಳೆ ತಡೆಯುವ ನೇಯ್ದ ಪ್ಲಾಸ್ಟಿಕ್ ಹಾಸು. ಬಕೆಟ್ಟಿನ ಬಾಯಿಗೆ ಕಟ್ಟಿ ಕೆಸರು ನೀರು ಹೊಯ್ದರೆ ಅರ್ಧ ಗಂಟೆಯಲ್ಲಿ ಕಟ್ಟಿಕೊಂಡು ನಿಂತಿತು. ಹಿಂತಿರುಗಿಸಿ, ಸರಿಯಾದದ್ದು ಬರುವಷ್ಟರಲ್ಲಿ ರೋಹಿಣಿ ಮಳೆ ಬಾಗಿಲಿಗೆ ಬಂದಿತ್ತು.

ಆ ಮೂರು ವಾರಗಳಲ್ಲಿ ಮುಂದಿನ ಕೆಲಸವೊಂದು ತಲೆಗೆ ಹೊಕ್ಕಿದೆ. ಫಿನ್ಲೆಂಡಿನಲ್ಲಿ ಓಟದ ದಾರಿಗಳಿಗೆ ಮರದ ಹೊಟ್ಟು ಹಾಸುವ ಪದ್ಧತಿಯಿದೆ. ನಮ್ಮಲ್ಲಿ ಕೊಯ್ಲು ಮುಗಿದ ಮೇಲೆ ಅಡಿಕೆ ಸಿಪ್ಪೆ ರಸ್ತೆ ಬದಿಯಲ್ಲಿ ರಾಶಿ ಬಿದ್ದು ಹೊಗೆಯಾಡುತ್ತಿರುತ್ತದೆ. ಅದರ ನಾರು ಬೇಗ ಕೊಳೆಯುವುದಿಲ್ಲ, ತುಳಿದರೆ ತಗ್ಗಿ ಮತ್ತೆ ಏಳುತ್ತದೆ. ಈ ಮಾಗಿಯಲ್ಲಿ ತೋಟದ ಅಂಚಿನಲ್ಲಿ 60 ಮೀಟರ್ ನೇರ ಪಟ್ಟಿಗೆ ಆರು ಅಂಗುಲ ಸಿಪ್ಪೆ ಹಾಸಿ ನೋಡಲಿದ್ದೇನೆ. ಮರಳಿನಂತೆ ಅದೂ ಕಾಲಿನ ಶಕ್ತಿಯನ್ನೆಲ್ಲ ನುಂಗಿಬಿಟ್ಟರೆ ಪ್ರಯೋಜನವಿಲ್ಲ: ಮರಳಿನ ಮೇಲೆ ಓಡಲು ಗಟ್ಟಿ ನೆಲದ 1.6 ಪಟ್ಟು ಶಕ್ತಿ ಬೇಕೆಂದು 1998ರಲ್ಲೇ ಅಳೆದಿದ್ದಾರೆ. ಸರಳು ಬಿಟ್ಟು ನೋಡಿಯೇ ತೀರ್ಮಾನಿಸಬೇಕು.

ಪುಷ್ಯದ ಕೊನೆಯ ದಿನದ ಲೆಕ್ಕ ಹೀಗಿದೆ: ನೇರ ಭಾಗ 2.5 ಸೆಂಟಿಮೀಟರ್, ತಿರುವು 3. ಪೈಪಿನ ಬಾಯಿಯಲ್ಲಿ ಹೆಬ್ಬೆರಳು ಗಾತ್ರದ ನೀರು ಹಗಲಿರುಳು ತಿಳಿಯಾಗಿ ಬೀಳುತ್ತಿದೆ. ಅದನ್ನು ಕೆಳಗಿನ ತೋಟದವರ ಕಪ್ಪಿಗೆ ಸೇರಿಸಲು ಅವರು ಒಪ್ಪಿದ್ದಾರೆ. ಮಖೆ ಮಳೆ ಕಳೆದ ಮೇಲೆ ಹಳೆಯ ಕ್ರಷರ್ ಪುಡಿಯ ಹೆಪ್ಪನ್ನು ಕೆತ್ತಿ ತೆಗೆದು, ನೇರ ಭಾಗದಿಂದ ಗರಿಕೆಯ ಬಳ್ಳಿ ತಂದು ಅಲ್ಲಿ ನೆಡಬೇಕಾಗಿದೆ.