ಬೇಲಿ ಆಯ್ತು, ಬೆಕ್ಕು ಹಿಡಿಯೋರು ಯಾರು?

ಆಸ್ಟ್ರೇಲಿಯಾದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್‌ನಿಂದ ಸುಮಾರು 350 ಕಿ.ಮೀ. ದೂರದಲ್ಲಿ ನ್ಯೂಹೇವನ್ ಅನ್ನೋ ವನ್ಯಧಾಮವಿದೆ. ಅದು ವಾರ್ಲ್‌ಪಿರಿ, ಲುರಿಟ್ಜಾ ಮೂಲನಿವಾಸಿಗಳ ನೆಲ. ಈಗ ನೋಡಿಕೊಳ್ಳುತ್ತಿರುವುದು ಆಸ್ಟ್ರೇಲಿಯನ್ ವೈಲ್ಡ್‌ಲೈಫ್ ಕನ್ಸರ್ವೆನ್ಸಿ ಅನ್ನೋ ವನ್ಯಜೀವಿ ಸಂರಕ್ಷಣಾ ಸಂಸ್ಥೆ, ಆ ಜನರ ಜೊತೆ ಸೇರಿ.

2018ರಲ್ಲಿ ಅಲ್ಲಿ 44 ಕಿ.ಮೀ. ಉದ್ದದ ಬೇಲಿ ಎದ್ದಿತು, ಬೆಕ್ಕು ನರಿ ಒಳಗೆ ನುಗ್ಗದಂತೆ. ಯುರೋಪಿಯನ್ನರ ಜೊತೆ ಬಂದು ಕಾಡು ಸೇರಿದ ಬೆಕ್ಕುಗಳು ಅಲ್ಲಿನ ಎಷ್ಟೋ ಪುಟ್ಟ ಪ್ರಾಣಿಗಳನ್ನು ತಿಂದು ಮುಗಿಸಿವೆ. ಸರಿ, ಬೇಲಿ ಹಾಕಿದರು. ಆದರೆ ಒಳಗೇ ಉಳಿದ ಬೆಕ್ಕುಗಳನ್ನು ಏನು ಮಾಡೋದು?

ಹೆಜ್ಜೆ ಗುರುತು ಓದಬಲ್ಲ ವಾರ್ಲ್‌ಪಿರಿ ರೇಂಜರ್‌ಗಳೇ ಬೇಕಾಯಿತು. ಅವರಲ್ಲಿ ಹೆಂಗಸರೂ ಇದ್ದರು. ನನಗಾದರೆ ಆ ಕೆಂಪು ಮರಳಲ್ಲಿ ನನ್ನ ಚಪ್ಪಲಿ ಗುರುತು ಬಿಟ್ಟರೆ ಬೇರೇನೂ ಗೊತ್ತಾಗಲ್ಲ! ಅವರು ಬೆಕ್ಕಿನ ಜಾಡು ಹಿಡಿದೇ ನಡೆದರು.

ಇಂಥ ಕಡೆ ಯಾರು ಯಾರಿಗೆ ಸಹಾಯ ಮಾಡಿದ ಹಾಗೆ? ದುಡ್ಡು, ಬೇಲಿ, ಕ್ಯಾಮೆರಾ ಸಂಸ್ಥೆಯದು ನಿಜ. ಆದರೂ ಆ ರೇಂಜರ್‌ಗಳ ಅನುಭವಕ್ಕೆ ಜಾಸ್ತಿ ಬೆಲೆ ಸಿಗಬೇಕು ಅಂತ ನನಗನಿಸುತ್ತದೆ. ಮಾಲಾ ಎಂಬ ಪುಟ್ಟ ವಾಲಬಿ (ಕಾಂಗರೂವಿನ ಸಣ್ಣ ನೆಂಟ) 1990ರ ದಶಕದ ಆರಂಭಕ್ಕೇ ಮುಖ್ಯಭೂಮಿಯ ಕಾಡಿನಿಂದ ಮಾಯವಾಗಿತ್ತು. 2019ರಲ್ಲಿ ಅದನ್ನು ಈ ಬೇಲಿಯೊಳಗೆ ಬಿಟ್ಟರು. ವಾರ್ಲ್‌ಪಿರಿಗಳ ಪುರಾಣ ಕಥೆಗಳಲ್ಲಿ ಅದಕ್ಕೆ ಮೊದಲಿಂದಲೂ ಜಾಗವಿದೆ.