ಜೇಮ್ಸ್‌ಟೌನ್‌ನಿಂದ ಯಾರ್ಕ್‌ಟೌನ್‌ವರೆಗೆ: ಹೋಗುವವರಿಗೆ ಒಂದಿಷ್ಟು ಮಾಹಿತಿ

ವಾಷಿಂಗ್ಟನ್ ನೋಡಲು ಬರುವ ನಮ್ಮವರು ಶ್ವೇತಭವನದ ಮುಂದೆ ಫೋಟೊ ತೆಗೆಸಿಕೊಂಡು ನೇರ ನಯಾಗರಾಕ್ಕೆ ಹೊರಟುಬಿಡುತ್ತಾರೆ. ಎರಡು ದಿನ ಬಿಡುವಿದ್ದರೆ ದಕ್ಷಿಣಕ್ಕೆ ಸುಮಾರು 150 ಮೈಲಿ ಹೋಗಿ ವರ್ಜೀನಿಯಾದ ಜೇಮ್ಸ್‌ಟೌನ್, ವಿಲಿಯಮ್ಸ್‌ಬರ್ಗ್, ಯಾರ್ಕ್‌ಟೌನ್ ನೋಡಿ, ಅದೂ ಇದೇ ಕ್ರಮದಲ್ಲಿ. ಇಂಗ್ಲಿಷರು ಬಂದು ಬೇರೂರಿದ್ದು, ಸಭೆ ಕಟ್ಟಿ ಆಳಿಕೊಂಡದ್ದು, ಕಡೆಗೆ ಅವರ ದೊರೆಯ ಸೈನ್ಯ ಶರಣಾದದ್ದು, ಎಲ್ಲವೂ 23 ಮೈಲಿಯ ಕಲೋನಿಯಲ್ ಪಾರ್ಕ್‌ವೇ ಉದ್ದಕ್ಕೂ ಸಿಗುತ್ತದೆ. ಆ ರಸ್ತೆಯಲ್ಲಿ ಲಾರಿಗಳಿಲ್ಲ, ಅಂಗಡಿಗಳಿಲ್ಲ, ಪೆಟ್ರೋಲ್ ಬಂಕೂ ಇಲ್ಲ; ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳಿ. ರಿಪೇರಿಗೆಂದು ಕೆಲವು ಭಾಗ ಮುಚ್ಚುವುದೂ ಉಂಟು, ಹೊರಡುವ ಮುಂಚೆ ವಿಚಾರಿಸಿ. ಶುಕ್ರವಾರ ಮಧ್ಯಾಹ್ನ ವಾಷಿಂಗ್ಟನ್ ಬಿಟ್ಟಿರೋ, ಹೆದ್ದಾರಿಯ ಟ್ರಾಫಿಕ್ಕಿನಲ್ಲೇ ಸಂಜೆಯಾಗುತ್ತದೆ.

ಜೇಮ್ಸ್‌ಟೌನ್ ಹೆಸರಿನಲ್ಲಿ ಎರಡು ತಾಣಗಳಿವೆ, ಟಿಕೆಟ್ಟೂ ಬೇರೆ ಬೇರೆ. ‘ಜೇಮ್ಸ್‌ಟೌನ್ ಸೆಟಲ್‌ಮೆಂಟ್’ ರಾಜ್ಯ ಸರ್ಕಾರದ ಮ್ಯೂಸಿಯಂ. 1607ರಲ್ಲಿ ಬಂದ ಮೂರು ಹಡಗುಗಳ ಪ್ರತಿಕೃತಿ ಅಲ್ಲಿವೆ, ಹತ್ತಿ ನೋಡಬಹುದು, ಮಕ್ಕಳಿಗೆ ಖುಷಿ. ನಿಜವಾದ ಜಾಗ ‘ಹಿಸ್ಟಾರಿಕ್ ಜೇಮ್ಸ್‌ಟೌನ್’. ಒಂದನ್ನೇ ಆರಿಸಿಕೊಳ್ಳಬೇಕೆಂದರೆ ನನ್ನ ಓಟು ಇದಕ್ಕೇ. ರಾಷ್ಟ್ರೀಯ ಉದ್ಯಾನಗಳ ವಾರ್ಷಿಕ ಪಾಸ್ ಇದ್ದರೂ ಇಲ್ಲಿ ಪೂರ್ತಿ ಸಾಲದು. ಜಾಗದ ಒಂದು ಭಾಗ ಖಾಸಗಿ ಸಂಸ್ಥೆಯದ್ದಾದ್ದರಿಂದ ಆ ಪಾಲಿನ ಶುಲ್ಕ ಬೇರೆ ಕೊಡಬೇಕು.

ಇಲ್ಲಿದ್ದ ಕೋಟೆಯನ್ನು ನದಿ ನುಂಗಿತೆಂದೇ ಬಹುಕಾಲ ನಂಬಿದ್ದರು. 1994ರಲ್ಲಿ ಪುರಾತತ್ವಜ್ಞ ವಿಲಿಯಂ ಕೆಲ್ಸೊ ಅಗೆಯತೊಡಗಿದ ಮೇಲೆ ಮಣ್ಣಿನಲ್ಲಿ ಕಪ್ಪು ಕಲೆಗಳ ಸಾಲು ಕಂಡಿತು, ಬೇಲಿಗೆ ನೆಟ್ಟ ಮರ ಕೊಳೆತು ಬಿಟ್ಟುಹೋದ ಗುರುತು. ಈಗ ಅದೇ ಸಾಲಿನಲ್ಲಿ ಹೊಸ ಕಂಬ ನಿಲ್ಲಿಸಿದ್ದಾರೆ. ಪಕ್ಕದ ಮ್ಯೂಸಿಯಂನಲ್ಲಿ ಸುಮಾರು 14 ವರ್ಷದ ಹುಡುಗಿಯೊಬ್ಬಳ ತಲೆಬುರುಡೆ ಇದೆ. 1609–10ರ ಚಳಿಗಾಲದ ಬರಗಾಲದಲ್ಲಿ ಸತ್ತವಳು. ಹಣೆಯ ಮೇಲೆ ಕತ್ತಿಯ ಸಣ್ಣ ಗೀರುಗಳು ಸ್ಪಷ್ಟವಾಗಿವೆ: ಹಸಿದವರು ಹೆಣವನ್ನೂ ಬಿಟ್ಟಿರಲಿಲ್ಲ. ಪುಟ್ಟ ಮಕ್ಕಳನ್ನು ಒಳಗೆ ಕರೆದೊಯ್ಯುವ ಮುನ್ನ ಯೋಚಿಸಿ. ಹೊರಗಿನ ಚರ್ಚಿನ ಜಾಗದಲ್ಲೇ 1619ರ ಜುಲೈನಲ್ಲಿ ವಲಸಿಗರ ಪ್ರತಿನಿಧಿಗಳ ಮೊದಲ ಸಭೆ ಸೇರಿದ್ದು. ಮರುತಿಂಗಳೇ ಆಫ್ರಿಕಾದಿಂದ ಸೆರೆ ಹಿಡಿದು ತಂದವರು ವರ್ಜೀನಿಯಾದಲ್ಲಿ ಇಳಿದರು. ಇವೆರಡನ್ನೂ ಒಟ್ಟಿಗೇ ನೆನಪಿಟ್ಟುಕೊಂಡು ಮುಂದಿನ ಊರಿಗೆ ಹೋಗಿ. ಅಂದಹಾಗೆ, ಸುತ್ತ ಜೌಗು ನೆಲ. ಬೇಸಿಗೆಯಲ್ಲಿ ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ.

1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿಯಾಗಿದ್ದ ವಿಲಿಯಮ್ಸ್‌ಬರ್ಗ್‌ನಲ್ಲಿ ಬೀದಿ ಸುತ್ತಲು ದುಡ್ಡು ಬೇಡ, ಕಟ್ಟಡಗಳ ಒಳಗೆ ಹೋಗಲು ಟಿಕೆಟ್ ಬೇಕು. ಶಾಸನಸಭೆಯ ಕಟ್ಟಡ ತಪ್ಪಿಸಬೇಡಿ. ಈಗಿರುವುದು ಮರುನಿರ್ಮಾಣ, ಆದರೆ ಸ್ವಾತಂತ್ರ್ಯ ಘೋಷಿಸುವಂತೆ ಎಲ್ಲ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ಸನ್ನು ಒತ್ತಾಯಿಸಲು ವರ್ಜೀನಿಯಾದವರು 1776ರ ಮೇ 15ರಂದು ತೀರ್ಮಾನಿಸಿದ್ದು ಈ ಜಾಗದಲ್ಲೇ. ಆಗಿನ ಕಾಲದ ವೇಷದಲ್ಲಿ ಕಮ್ಮಾರರು, ಮುದ್ರಕರು ಕೆಲಸ ಮಾಡುತ್ತಿರುತ್ತಾರೆ. ಪ್ರಶ್ನೆ ಕೇಳಿ, ಬಿಡುವು ಮಾಡಿಕೊಂಡು ವಿವರಿಸುತ್ತಾರೆ. ಆಗಿನ ಊರಿನ ಅರ್ಧಕ್ಕಿಂತ ಹೆಚ್ಚು ಜನ ಕಪ್ಪುವರ್ಣೀಯರು, ಬಹುತೇಕ ಗುಲಾಮರು. ಅವರ ಕಥೆ ಹೇಳುವ ಕಾರ್ಯಕ್ರಮ ಆ ದಿನ ಇದ್ದರೆ ಗವರ್ನರನ ಅರಮನೆಗಿಂತ ಮೊದಲು ಅಲ್ಲಿಗೆ ಹೋಗಿ. ಹಳೇ ಶೈಲಿಯ ಹೋಟೆಲುಗಳಲ್ಲಿ ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋದರೆ ನಿಶ್ಚಿಂತೆ.

ಸುಸ್ತಾಗಿದೆಯೆಂದು ಯಾರ್ಕ್‌ಟೌನ್ ಬಿಟ್ಟು ವಾಪಸಾಗುವವರೇ ಹೆಚ್ಚು. ಕನ್ನಡಿಗರು ಹಾಗೆ ಮಾಡಬಾರದು. 1781ರ ಅಕ್ಟೋಬರ್ 19ರಂದು ಇಲ್ಲಿ ಅಮೆರಿಕದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಮತ್ತು ಫ್ರೆಂಚರ ಎದುರು ಶರಣಾದ ಬ್ರಿಟಿಷ್ ಸೈನ್ಯದ ದಂಡನಾಯಕ ಬೇರಾರೂ ಅಲ್ಲ, ಕಾರ್ನ್‌ವಾಲಿಸ್. ಹುಷಾರಿಲ್ಲವೆಂದು ತಾನು ಬರದೆ ಕೈಕೆಳಗಿನ ಒ’ಹಾರಾನನ್ನು ಕಳಿಸಿದ. ಹತ್ತೇ ವರ್ಷಕ್ಕೆ, 1791ರ ಮಾರ್ಚಿನಲ್ಲಿ, ಬೆಂಗಳೂರು ಕೋಟೆ ಹಿಡಿದವನೂ, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದವನೂ ಇವನೇ. ಫ್ರೆಂಚರು ಗೆದ್ದ 9ನೇ ಮತ್ತು ಅಮೆರಿಕನ್ನರು ಗೆದ್ದ 10ನೇ ರೆಡೌಟ್‌ಗಳ, ಅಂದರೆ ಮಣ್ಣಿನ ದಿಬ್ಬದ ಕಾವಲುನೆಲೆಗಳ ಬಳಿ ಕಾರು ನಿಲ್ಲಿಸಿ ನಡೆದು ನೋಡಬಹುದು. ಶರಣಾಗತಿಯ ಮೈದಾನಕ್ಕೂ ಕಾರಿನಲ್ಲೇ ದಾರಿಯಿದೆ, ವಯಸ್ಸಾದವರಿಗೆ ತೊಂದರೆಯಿಲ್ಲ.

ಸಂವಿಧಾನ ಬರೆದ ಕೋಣೆಯನ್ನೂ ನೋಡುವ ಆಸೆಯಿದ್ದರೆ ಫಿಲಡೆಲ್ಫಿಯಾಕ್ಕೆ ಹೋಗಬೇಕು. ವಿಲಿಯಮ್ಸ್‌ಬರ್ಗ್‌ನಿಂದ ನೇರ ರೈಲಿದೆ. 1776ರ ಘೋಷಣೆಗೂ 1787ರ ಸಂವಿಧಾನಕ್ಕೂ ಸಹಿ ಬಿದ್ದದ್ದು ಇಂಡಿಪೆಂಡೆನ್ಸ್ ಹಾಲ್‌ನ ಒಂದೇ ಕೋಣೆಯಲ್ಲಿ. ವರ್ಷದ ಹೆಚ್ಚಿನ ತಿಂಗಳು ಒಳಗೆ ಬಿಡುವುದು ಸಮಯ ನಿಗದಿಯಾದ ಟಿಕೆಟ್ಟಿಗೆ ಮಾತ್ರ, ಅದನ್ನು ಆನ್‌ಲೈನ್‌ನಲ್ಲಿ ಮುಂಚಿತವಾಗಿ ತೆಗೆದುಕೊಳ್ಳಿ. ಸ್ವಾತಂತ್ರ್ಯದ ಸಂಕೇತವಾದ ಲಿಬರ್ಟಿ ಬೆಲ್ ಎಂಬ ಹಳೇ ಗಂಟೆ ನೋಡಲು ಟಿಕೆಟ್ ಬೇಕಿಲ್ಲ, ಕ್ಯೂ ಮಾತ್ರ ಉದ್ದ.