ಹಳೆಯ ಫ್ಯಾನಿನ ವೈಂಡಿಂಗ್ ಕೀಳುವ ಮೊದಲು

ಹಳೆಯ ಫ್ಯಾನ್ ನಿಂತುಹೋಯಿತು ಅಂದರೆ ಸಾಕು, 'ಕಾಯಿಲ್ ಹೋಗಿದೆ, ರೀವೈಂಡಿಂಗ್ ಮಾಡಿಸಿಬಿಡಿ' ಅನ್ನುವವರೇ ಜಾಸ್ತಿ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ. ನನ್ನ ಹತ್ತಿರ ಬಂದ ಹಳೆಯ ಫ್ಯಾನುಗಳಲ್ಲಿ ಹೆಚ್ಚಿನವಕ್ಕೆ ವೈಂಡಿಂಗ್, ಅಂದರೆ ಮೋಟರಿನೊಳಗೆ ಸುತ್ತಿದ ತಂತಿಯ ಕಾಯಿಲ್, ಗಟ್ಟಿಯಾಗಿಯೇ ಇತ್ತು. ಕೆಟ್ಟಿದ್ದು ಕೆಪಾಸಿಟರ್, ಇಲ್ಲ ಒಣಗಿದ ಗ್ರೀಸ್, ಇಲ್ಲ ಮುಟ್ಟಿದರೆ ಪುಡಿಯಾಗುವ ವೈರು.

ನಾನು ಮೈಸೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಫ್ಯಾನ್ ಕೆಲಸ ರಜೆಯ ದಿನದ್ದು, ಹಿತ್ತಲ ಜಗಲಿಯ ಮೇಲೆ. ಮೀಟರ್ ಹಿಡಿಯುವುದನ್ನು ಕಾಲೇಜು ಕಲಿಸಿತು. ಫ್ಯಾನ್ ಬಿಚ್ಚುವುದನ್ನು ಕಲಿಸಿದವರು ಮಂಡಿ ಮೊಹಲ್ಲಾದ ಒಬ್ಬ ವೈಂಡಿಂಗ್ ಅಂಗಡಿಯವರು. ನಾನು ಅವರನ್ನು ಚಾಚಾ ಅನ್ನುತ್ತೇನೆ. ಅವರ ಹೊಟ್ಟೆಪಾಡೇ ವೈಂಡಿಂಗ್. ಆದರೂ, 'ಮೇಡಂ, ಮೊದಲು ಮೂಸಿ ನೋಡಿ. ಸುಟ್ಟ ವಾಸನೆ ಇಲ್ಲ ಅಂದರೆ ಕತ್ತರಿ ಕೆಳಗಿಡಿ' ಅನ್ನುತ್ತಾರೆ.

ಹೋದ ಬೇಸಿಗೆಯಲ್ಲಿ ನಂಜನಗೂಡಿನ ಒಂದು ಮನೆಯಿಂದ ಉಷಾ ಸೀಲಿಂಗ್ ಫ್ಯಾನ್ ಬಂತು. ಕಲ್ಕತ್ತಾದ ಜೇ ಇಂಜಿನಿಯರಿಂಗ್ ವರ್ಕ್ಸ್ ಮಾಡುತ್ತಿದ್ದ ಕಾಲದ್ದು. ಉಷಾ ಹೊಲಿಗೆ ಯಂತ್ರವೂ ಅವರದ್ದೇ ಅಲ್ವಾ, ಆ ಮನೆಯಲ್ಲಿ ಎರಡೂ ಇದ್ದವು. ತಂದ ಹುಡುಗ, 'ಅಕ್ಕ, ಗುಜರಿಗೆ ಹಾಕೋಣ ಅಂತಿದ್ವಿ, ಅಜ್ಜಿ ಬಿಡಲಿಲ್ಲ' ಅಂದ. ಅಜ್ಜಿಯ ಕಡೆಗೇ ನನ್ನ ಓಟು. ಅದನ್ನು ಒಬ್ಬರೇ ಎತ್ತಿ ಕೊಕ್ಕೆಗೆ ಹಾಕುವುದು ಕಷ್ಟ, ಅಷ್ಟು ಭಾರ. ಬೀಡುಕಬ್ಬಿಣದ ದಪ್ಪ ಮೈ, ಒಳಗೆ ತಾಮ್ರಕ್ಕೆ ಸ್ವಲ್ಪವೂ ಜಿಪುಣತನ ಮಾಡಿಲ್ಲ. ಇಂಥ ಫ್ಯಾನು ಈಗಿನದಕ್ಕಿಂತ ನಿಧಾನ ತಿರುಗಬಹುದು. ಆದರೆ ಅಗಲವಾದ ರೆಕ್ಕೆಯಿಂದ ಕೋಣೆ ತುಂಬ ಗಾಳಿ ಇಳಿಸುತ್ತದೆ, ಕಿವಿಗೆ ಸದ್ದು ಹೊಡೆಯುವುದಿಲ್ಲ.

ಅದರ ಕಾಯಿಲೆ ಹೀಗಿತ್ತು: ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕೋಲಿನಿಂದ ರೆಕ್ಕೆ ತಳ್ಳಿದರೆ ಹೊರಡುತ್ತದೆ. ಈ ಲಕ್ಷಣ ಕಂಡರೆ ಮೊದಲು ಅನುಮಾನ ಪಡಬೇಕಾದ್ದು ಕೆಪಾಸಿಟರನ್ನು. ಫ್ಯಾನಿಗೆ ಬರುವುದು ಸಿಂಗಲ್ ಫೇಸ್ ಕರೆಂಟು. ಒಂದೇ ಕಾಯಿಲ್ ಇದ್ದರೆ ಅದರ ಆಯಸ್ಕಾಂತ ಬಲ ಹಿಂದೆ ಮುಂದೆ ಬಡಿಯುತ್ತದೆ ಅಷ್ಟೇ, ಫ್ಯಾನಿಗೆ ಯಾವ ಕಡೆ ಹೊರಡಬೇಕೆಂದು ಸಿಗುವುದಿಲ್ಲ. ಅದಕ್ಕೇ ಸ್ಟಾರ್ಟಿಂಗ್ ಅಂತ ಇನ್ನೊಂದು ಕಾಯಿಲ್. ಕೆಪಾಸಿಟರ್ ಆ ಕಾಯಿಲಿನ ಕರೆಂಟನ್ನು ಸ್ವಲ್ಪ ಮುಂದಕ್ಕೆ ಸರಿಸುತ್ತದೆ, ಎರಡೂ ಸೇರಿ ತಿರುಗುವ ಬಲ ಹುಟ್ಟುತ್ತದೆ. ಕೆಪಾಸಿಟರ್ ಸೊರಗಿದರೆ ಆ ಬಲವೂ ಸೊರಗುತ್ತದೆ. ಇದರ ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಬರೆದಿತ್ತು, ಮೀಟರಿನಲ್ಲಿ ಒಂದು ಮೈಕ್ರೋಫ್ಯಾರಡ್ ಕೂಡ ತೋರಿಸಲಿಲ್ಲ. ಅಷ್ಟೇ ಮೈಕ್ರೋಫ್ಯಾರಡಿನ ಹೊಸದು ಹಾಕಿದೆ. ಜಾಸ್ತಿ ಸ್ಪೀಡ್ ಬರಲಿ ಅಂತ ದೊಡ್ಡದು ಹಾಕುವವರಿದ್ದಾರೆ, ದಯವಿಟ್ಟು ಬೇಡ. ಸ್ಟಾರ್ಟಿಂಗ್ ಕಾಯಿಲಿನಲ್ಲಿ ಬೇಡದ ಕರೆಂಟ್ ಹರಿದು ಕಾಯುತ್ತದೆ, ಚೆನ್ನಾಗಿದ್ದ ವೈಂಡಿಂಗ್ ಆಗ ನಿಜವಾಗಿಯೂ ಸುಡುತ್ತದೆ.

ಕಾಯಿಲ್ ನೋಡುವುದು ಸುಲಭ. ಫ್ಯಾನಿಂದ ಮೂರು ವೈರು ಬರುತ್ತವೆ. ಎರಡೆರಡು ಹಿಡಿದು ಓಮ್ ಅಳೆಯಿರಿ. ಅತಿ ಹೆಚ್ಚು ತೋರಿಸುವ ಜೋಡಿಯನ್ನು ಬಿಟ್ಟು ಉಳಿದ ಮೂರನೆಯದೇ ಕಾಮನ್, ಅಂದರೆ ಎರಡೂ ಕಾಯಿಲ್ ಕೂಡುವ ವೈರು. ಉಳಿದ ಎರಡು ಅಳತೆ ಕೂಡಿದರೆ ಆ ದೊಡ್ಡ ಅಳತೆ ಬರಬೇಕು. ಬಂದರೆ ಕಾಯಿಲ್ ಎಲ್ಲೂ ತುಂಡಾಗಿಲ್ಲ. ಆಮೇಲೆ 500 ವೋಲ್ಟಿನ ಮೆಗ್ಗರ್, ಅಂದರೆ ಇನ್ಸುಲೇಶನ್ ಅಳೆಯುವ ಮೀಟರ್, ಹಾಕಿ ಕಾಯಿಲಿಗೂ ಮೈಗೂ ನಡುವೆ ನೋಡುತ್ತೇನೆ. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಫ್ಯಾನನ್ನು ಲೈನಿಗೆ ಹಾಕುವುದಿಲ್ಲ. ಆದರೆ ಕಡಿಮೆ ಬಂದ ಮಾತ್ರಕ್ಕೆ ಕೈಬಿಡಬೇಕಾಗಿಲ್ಲ. ಅಟ್ಟದಲ್ಲಿ ಮಳೆಗಾಲ ಕಳೆದ ಫ್ಯಾನು ತೇವ ಕುಡಿದಿರುತ್ತದೆ. ತಗಡಿನ ಡಬ್ಬಿಯೊಳಗೆ ಸ್ಟೇಟರ್ (ಕಾಯಿಲ್ ಸುತ್ತಿರುವ, ತಿರುಗದ ಭಾಗ) ಇಟ್ಟು, ಪಕ್ಕದಲ್ಲಿ ನೂರು ವ್ಯಾಟಿನ ಹಳೇ ಬಲ್ಬು ಹಚ್ಚಿ, ತಾಗದ ಹಾಗೆ ಒಂದು ಹಗಲು ಬಿಟ್ಟರೆ ಬಹಳ ಸಲ ಅಳತೆ ಮೇಲೇರುತ್ತದೆ. ಏರಿದ ಮೇಲೆ ಇನ್ಸುಲೇಟಿಂಗ್ ವಾರ್ನಿಶ್ ಬಳಿದು ಒಣಗಿಸುತ್ತೇನೆ. ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಲ್ಯಾಂಪ್, ಅಂದರೆ ಕರೆಂಟು ಫ್ಯಾನಿಗೆ ಹೋಗುವ ದಾರಿಯಲ್ಲೇ ಜೋಡಿಸಿದ ಬಲ್ಬು, ಇಲ್ಲದೆ ಕೊಡುವುದೇ ಇಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಫ್ಯಾನ್ ಉಳಿಯುತ್ತದೆ.

ಸೀಲಿಂಗ್ ಫ್ಯಾನಿನಲ್ಲಿ ನಡುವಿನ ಶಾಫ್ಟ್ ತಿರುಗುವುದಿಲ್ಲ, ಹೊರಗಿನ ಮೈಯೇ ತಿರುಗುವುದು. ಹಾಗಾಗಿ ಬಿಚ್ಚುವ ಮೊದಲು ಮೈಯ ಎರಡು ಹೋಳಿಗೂ ಅಡ್ಡಲಾಗಿ ಒಂದು ಗೀಟು ಹಾಕಿಕೊಳ್ಳಿ. ರೆಕ್ಕೆ ಯಾವುದು ಯಾವ ತೂತಿಗೆ ಅಂತ ನಂಬರ್ ಬರೆಯಿರಿ. ಮರುಜೋಡಣೆಯಲ್ಲಿ ಅದಲುಬದಲಾದರೆ ಫ್ಯಾನ್ ಓಲಾಡುತ್ತದೆ. ಬೇರಿಂಗ್ ಬಹಳ ಫ್ಯಾನುಗಳಲ್ಲಿ 6202, ಅಂದರೆ ಒಳಗೆ 15, ಹೊರಗೆ 35, ದಪ್ಪ 11 ಮಿಲಿಮೀಟರ್. ಆದರೂ ಹಳೆಯದರ ಮೇಲಿನ ನಂಬರ್ ಓದಿಯೇ ತನ್ನಿ.

ಟೇಬಲ್ ಫ್ಯಾನಿನ ದುಃಖ ಬೇರೆ. ಅದರ ಶತ್ರು ಕೊಬ್ಬರಿ ಎಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ಅದೇ ಆದ್ದರಿಂದ ಕೀರಲು ಸದ್ದು ಬಂದಾಗ ಒಂದೆರಡು ಹನಿ ಬಿಡುತ್ತಾರೆ. 24 ಡಿಗ್ರಿಗಿಂತ ತಣ್ಣಗಾದರೆ ಅದು ಹೆಪ್ಪುಗಟ್ಟುತ್ತದೆ. ವರ್ಷ ಕಳೆದಂತೆ ಧೂಳಿನ ಜೊತೆ ಸೇರಿ, ಶಾಫ್ಟ್ ತಿರುಗುವ ಲೋಹದ ಕೊಳವೆಯಾದ ಬುಷ್‌ನ ಒಳಗೆ ಹಲಸಿನ ಅಂಟಿನ ಹಾಗೆ ಹಿಡಿದುಬಿಡುತ್ತದೆ. ಶಾಫ್ಟ್ ಬಿಗಿಯಾಯಿತು, ಮೋಟರ್ ಕಾಯಿತು, 'ಕಾಯಿಲ್ ಹೋಯಿತು' ಅಂದರು! ಸೀಮೆಎಣ್ಣೆಯಲ್ಲಿ ನೆನೆಸಿ ಬುಷ್ ತೊಳೆಯಿರಿ. ಅದರ ಸುತ್ತ ಎಣ್ಣೆ ಹಿಡಿದಿಡುವ ಫೆಲ್ಟ್ ಇರುತ್ತದೆ, ಅದನ್ನೂ ತೊಳೆದು ಒಣಗಿಸಿ ಹೊಲಿಗೆ ಯಂತ್ರದ ಎಣ್ಣೆ ಕುಡಿಸಿ. ಹಿತ್ತಾಳೆ ರೆಕ್ಕೆಗೆ ಉಪ್ಪುಕಾಗದ ಮುಟ್ಟಿಸಬೇಡಿ, ದೇವರ ಪಾತ್ರೆ ತಿಕ್ಕುವ ಹುಣಸೆಹಣ್ಣೇ ಸಾಕು.

ರೆಗ್ಯುಲೇಟರ್ ವಿಷಯದಲ್ಲಿ ನಾನು ಹಟ ಹಿಡಿಯುವುದಿಲ್ಲ. ಗೋಡೆಯ ಮೇಲಿನ ಆ ದಪ್ಪ ಪೆಟ್ಟಿಗೆಯೊಳಗೆ ಪಿಂಗಾಣಿಗೆ ಸುತ್ತಿದ ರೆಸಿಸ್ಟೆನ್ಸ್ ತಂತಿ ಇದೆ. ಫ್ಯಾನ್ ನಿಧಾನ ಮಾಡಿದಾಗ ಒಂದಷ್ಟು ಕರೆಂಟು ಅಲ್ಲೇ ಬಿಸಿಯಾಗಿ ಹೋಗುತ್ತದೆ. ಬದಲಿಸುವುದಾದರೆ ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿ. ಗುಂಡಿ ನುಣ್ಣಗೆ ತಿರುಗುವ ಡಿಮ್ಮರ್ ಜಾತಿಯದ್ದು ಕರೆಂಟಿನ ಅಲೆಯನ್ನು ಕತ್ತರಿಸಿ ಕಳಿಸುತ್ತದೆ, ಹಳೆಯ ಫ್ಯಾನ್ ರಾತ್ರಿಯೆಲ್ಲ ಗುಂಯ್‌ಗುಡುತ್ತದೆ.

ಅರ್ಥಿಂಗ್ ವಿಷಯದಲ್ಲಿ ಮಾತ್ರ ಹಟ ಉಂಟು. ಹಳೆಯ ಟೇಬಲ್ ಫ್ಯಾನುಗಳ ಮೈಯೆಲ್ಲ ಲೋಹ, ಬಹಳಷ್ಟಕ್ಕೆ ಎರಡು ಪಿನ್ನಿನ ಪ್ಲಗ್. ಬಟ್ಟೆ ಸುತ್ತಿದ ರಬ್ಬರ್ ವೈರ್ ಎಷ್ಟೇ ಚಂದ ಕಂಡರೂ ತೆಗೆದುಹಾಕಿ, ಮೂರು ಕೋರಿನ ವೈರ್ ಎಳೆದು, ಹಸಿರು ತಂತಿಯನ್ನು ಮೈಗೆ ಸ್ಕ್ರೂ ಹಾಕಿ ಬಿಗಿದೇ ಕೊಡುತ್ತೇನೆ. ಮುಂದಿನ ಜಾಲರಿಯ ಸಂದಿ ಅಗಲ ಇರುವುದರಿಂದ ಚಿಕ್ಕ ಮಕ್ಕಳಿರುವ ಕೋಣೆಯಲ್ಲಿ ನೆಲದ ಮೇಲೆ ಇಡಬೇಡಿ ಅಂತಲೂ ಹೇಳಿ ಕಳಿಸುತ್ತೇನೆ.

ಅಂಗಡಿಗೆ ಕೊಡುವುದೇ ಆದರೆ, ಬಿಚ್ಚುವ ಮೊದಲು ಮೆಗ್ಗರ್ ಅಳತೆ ತೋರಿಸಿ ಅಂತ ಕೇಳಿ. ನಿಜವಾಗಿ ಸುಟ್ಟಿದ್ದರೆ ತಾಮ್ರದ ತಂತಿಯಲ್ಲೇ ಸುತ್ತಿಸಿ. ಹಳೆಯ ಕಾಯಿಲ್ ಎಷ್ಟು ಸುತ್ತು, ತಂತಿ ಯಾವ ಗೇಜ್ (ಎಷ್ಟು ದಪ್ಪ) ಅಂತ ಬರೆಸಿಕೊಳ್ಳಿ.

ಈಗ ಜಗಲಿಯ ಮೇಲೆ 16 ಇಂಚಿನ ಒಂದು ಟೇಬಲ್ ಫ್ಯಾನ್ ಕೂತಿದೆ. ಚೆನ್ನಾಗಿ ಓಡುತ್ತದೆ, ಕತ್ತು ಮಾತ್ರ ತಿರುಗಿಸುವುದಿಲ್ಲ. ಒಳಗಿನ ಫೈಬರ್ ಗೇರಿನ ಹಲ್ಲು ಸವೆದಿದೆ. ಚಾಚಾ ತಮ್ಮ ಡಬ್ಬಿಗಳನ್ನೆಲ್ಲ ಸುರಿದು ಹುಡುಕಿದರು, ಅಳತೆಯದ್ದು ಸಿಗಲಿಲ್ಲ. ನಿಮ್ಮ ಅಟ್ಟದಲ್ಲಿ ಮೋಟರ್ ಸುಟ್ಟುಹೋದ ಹಳೇ ಟೇಬಲ್ ಫ್ಯಾನ್ ಇದ್ದರೆ ಗುಜರಿಗೆ ಹಾಕುವ ಮೊದಲು ನನಗೊಂದು ಮಾತು ತಿಳಿಸಿ.